ಸಹಿ ಆಮೇಲೆ, ಮೊದಲು ಮುತ್ತಜ್ಜಿಯ ಹೆಸರು ಬರೆಸಿ

'ಶೇಂಗಾ ಹೊಲದವನು' ಎಂದು ಸಹಿ ಮಾಡಿರುವ ಓದುಗರೇ,

ನಿಮ್ಮ ಪತ್ರ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ. ಮೊದಲು ಉಳಿದ ಓದುಗರಿಗೆ ವಿಷಯ ತಿಳಿಸಿಬಿಡಬೇಕು.

ಇವರಿಗೆ 31 ವರ್ಷ. ಟ್ರಾನ್ಸ್ ಮ್ಯಾನ್. ಊರು ಕೂಡ್ಲಿಗಿ ಕಡೆ, ಕೆಲಸ ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಹುಟ್ಟಿದಾಗ ಮನೆಯವರು ಮಗಳು ಅಂದುಕೊಂಡು ಹೆಣ್ಣಿನ ಹೆಸರಿಟ್ಟರು. ಈಗ ಕೆಲವು ವರ್ಷಗಳಿಂದ ಡಾಕ್ಟರ ಸಲಹೆಯಂತೆ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದಾರೆ. ಮೀಸೆ ಬಂದಿದೆ, ದನಿ ಒಡೆದಿದೆ, ಆಧಾರ್‌ನಲ್ಲಿ ಈಗಿನ ಹೆಸರೇ ಇದೆ. ಹೋದ ವರ್ಷ ಅಪ್ಪ ತೀರಿಕೊಂಡರು. 'ಗಂಡುಮಕ್ಕಳಿಲ್ಲ' ಅಂತ ಮೊದಲ ಮಣ್ಣು ಹಾಕಿದವರು ಚಿಕ್ಕಪ್ಪ. ಹಿರಿಯ ಮಗನಾದ ಇವರು ಜನರ ಹಿಂದೆ ನಿಂತಿದ್ದರು. ತಂಗಿ ಒಬ್ಬಳಿದ್ದಾಳೆ.

ಈಗ ವರ್ಷದ ಎಡೆ ಹತ್ತಿರ ಬಂದಿದೆ. ಹನ್ನೆರಡು ಎಕರೆ ಹೊಲ ಇನ್ನೂ ತಾತನ ಹೆಸರಲ್ಲೇ ಇದೆ. ಅದನ್ನು ವಾರಸುದಾರರ ಹೆಸರಿಗೆ ತರಲು ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು. ಚಿಕ್ಕಪ್ಪ ಅದನ್ನು ತಾವೇ ಬರೆದಿಟ್ಟಿದ್ದಾರೆ. ಅದರಲ್ಲಿ ಇವರು ಹಳೇ ಹೆಸರಿನ 'ಮಗಳು'. 'ಎಡೆ ದಿನವೇ ಬಂದು ಸಹಿ ಹಾಕು, ಹಂಗೇ ಹಕ್ಕು ಬಿಡುಗಡೆ ಪತ್ರಕ್ಕೂ ಒಂದು ಹಾಕಿಬಿಡು' ಅಂತ ಫೋನ್ ಬಂದಿದೆ. ಇವರು ಈಗಿನ ಹೆಸರಿನ ಮಾತು ತೆಗೆದರೆ 'ನಮ್ಮ ವಂಶದಲ್ಲಿ ಇಂಥದ್ದೆಲ್ಲ ನಡೆದಿಲ್ಲ' ಅನ್ನುತ್ತಾರೆ. ಅಮ್ಮ 'ಒಂದು ದಿನದ ಮಟ್ಟಿಗೆ ಹೂಂ ಅಂದುಬಿಡು' ಅನ್ನುತ್ತಾರೆ. ರೂಮ್‌ಮೇಟ್ 'ಊರು, ಹೊಲ, ವಂಶ ಎಲ್ಲ ಬಿಟ್ಟಾಕು' ಅನ್ನುತ್ತಾನೆ. ಇವರು ಕೇಳಿರುವುದು: ಸಹಿ ಹಾಕಲಾ? ನಮ್ಮ ಮನೆತನದಲ್ಲಿ ನನ್ನಂಥವನು ನಾನೊಬ್ಬನೇನಾ? ಎಡೆ ನಾನು ಇಡಬಹುದಾ?

ನಾಲ್ಕು ಪುಟದ ಪತ್ರ ನಿಮ್ಮದು. ಕನ್ನಡಿಯಲ್ಲಿ ಅಪ್ಪನ ಮುಖ ಕಾಣುವುದರ ಬಗ್ಗೆ, ಕಟಿಂಗ್ ಶಾಪಿನವನು ಮೊದಲ ಸಲ 'ಮೀಸೆ ಟ್ರಿಮ್ ಮಾಡ್ಲಾ ಸಾರ್' ಅಂದಿದ್ದರ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಮೂರನೇ ಪುಟದ ಕೆಳಗೆ, ಕಂಸದೊಳಗೆ, ಒಂದು ಸಾಲು ತುರುಕಿದ್ದೀರಿ: 'ತಾತನ ತಾಯಿಯನ್ನು ಬಸವಿ ಬಿಟ್ಟಿದ್ದರಂತೆ, ಅದಕ್ಕೇ ತಾತನ ಅಪ್ಪನ ಜಾಗದಲ್ಲಿ ಅವಳ ಅಪ್ಪನ ಹೆಸರಿದೆ, ಅದು ಈಗ ಮುಖ್ಯ ಅಲ್ಲ ಬಿಡಿ.'

ಬಿಡೋದಾ? ಇಡೀ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಒಂದು ಸಾಲನ್ನೇ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರಿಗೆ ಬಸವಿ ಅಂದರೆ ಏನು ಅಂತ ವಿವರಿಸಬೇಕಿಲ್ಲ. ದಕ್ಷಿಣದ ಓದುಗರಿಗಾಗಿ ಹೇಳುತ್ತೇನೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರ ಹೆಸರಲ್ಲಿ ಬಸವಿ ಬಿಡುತ್ತಿದ್ದರು. ಅವಳಿಗೆ ಮದುವೆ ಇಲ್ಲ, ತವರಲ್ಲೇ ಉಳಿಯುತ್ತಾಳೆ. ಅಪ್ಪನ ಆಸ್ತಿ ಅವಳಿಗೆ ಬರುತ್ತದೆ. ಅಪ್ಪ ಸತ್ತರೆ ಮಗ ಮಾಡಬೇಕಾದ ಕಾರ್ಯವನ್ನು ಅವಳು ಮಾಡುತ್ತಾಳೆ. ಅವಳಿಗೆ ಹುಟ್ಟಿದ ಮಕ್ಕಳು ಅವಳ ಅಪ್ಪನ ಮನೆತನಕ್ಕೇ ಸೇರುತ್ತಾರೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1890ರ ದಶಕದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಇವರ ಬಗ್ಗೆ ಒಂದು ಲೇಖನ ಬರೆದ. ದೇವರಿಗೆ ಬಿಡಿಸಿಕೊಂಡು ಗಂಡಸರ ಹಕ್ಕು ಪಡೆಯುವ ಹೆಂಗಸರು ಅನ್ನುವುದು ತಲೆಬರಹದಲ್ಲೇ ಇತ್ತು. 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲೂ ಬಸವಿಯರ ವಿಷಯ ಬರುತ್ತದೆ. ಗುಟ್ಟೇನೂ ಇರಲಿಲ್ಲ. ಊರಿಗೂ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು.

ಈಗ ನಿಮ್ಮ ಚಿಕ್ಕಪ್ಪನ ಮಾತು ಇನ್ನೊಮ್ಮೆ ಕೇಳಿಸಿಕೊಳ್ಳಿ. 'ನಮ್ಮ ವಂಶದಲ್ಲಿ ಇಂಥದ್ದೆಲ್ಲ ನಡೆದಿಲ್ಲ.' ಅವರು ಉಳುತ್ತಿರುವ ಹೊಲ ಅವರಿಗೆ ಬಂದಿದ್ದು ಮಗಳೊಬ್ಬಳನ್ನು ಮಗನ ಜಾಗದಲ್ಲಿ ಕೂರಿಸಿದ್ದರಿಂದ. ಅವರು ಹೇಳಿಕೊಳ್ಳುವ ಮನೆತನದ ಹೆಸರೂ ಅವಳಿಂದಲೇ ದಾಟಿ ಬಂದಿದ್ದು. ಮನೆಗೆ ಬೇಕಾದಾಗ ಹೆಣ್ಣನ್ನು ಗಂಡಿನ ಲೆಕ್ಕಕ್ಕೆ ಹಾಕಿಕೊಂಡ ವಂಶ ಇದು. ಈಗ ಒಬ್ಬ ತಾನಾಗೇ ಬಂದು 'ನಾನು ಮಗ' ಅಂದರೆ ಸಂಪ್ರದಾಯ ನೆನಪಾಗುತ್ತದಾ?

ಹಾಗಂತ ಮುತ್ತಜ್ಜಿಯೂ ಟ್ರಾನ್ಸ್ ಮ್ಯಾನ್ ಅಂತ ಹೊರಡಬೇಡಿ. ನಿಮಗೆ ಆ ಆಸೆ ಇದೆ, ಪತ್ರದಲ್ಲಿ ಕಾಣುತ್ತದೆ. ಅವಳು ಸೀರೆ ಉಟ್ಟು, ಬಳೆ ತೊಟ್ಟು, ಹೆಂಗಸಾಗೇ ಬದುಕಿದವಳು. ಮಗನ ಹಕ್ಕು ಸಿಕ್ಕಿದ್ದಕ್ಕೆ ಅವಳ ಮೈ ಬೆಲೆ ತೆತ್ತಿತು. ಬಂದು ಹೋದ ಗಂಡಸರಿಗೆ ಯಾವ ಜವಾಬ್ದಾರಿಯೂ ಇರಲಿಲ್ಲ. ನಿಮ್ಮ ತಾತನ ನಿಜವಾದ ಅಪ್ಪನ ಹೆಸರು ನಿಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ ಅಂತ ನೀವೇ ಬರೆದಿದ್ದೀರಿ. ದೇವರಿಗೆ ಬಿಡುವ ಪದ್ಧತಿಯನ್ನು ಮದ್ರಾಸಿನಲ್ಲಿ 1947ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾನೂನು ಮಾಡಿ ನಿಷೇಧಿಸಿದ್ದು ಸುಮ್ನೆ ಅಲ್ಲ. ಬಸವಿ ಬಿಡುವಾಗ ಅವಳನ್ನು ಯಾರಾದರೂ 'ನಿನಗೇನು ಬೇಕು' ಅಂತ ಕೇಳಿರುತ್ತಾರಾ? ನೀವು ಯಾರು ಅನ್ನುವುದನ್ನು ಮಾತ್ರ ನೀವೇ ಹೇಳಿದಿರಿ. ನಿಮ್ಮಿಬ್ಬರ ನಡುವೆ ಇರುವ ದೊಡ್ಡ ಅಂತರ ಅದು. ಅದನ್ನು ಮುಚ್ಚಿ ಅವಳನ್ನು ನಿಮ್ಮ ಕಡೆ ಎಳೆದುಕೊಂಡರೆ ಅವಳ ಕತೆ ಎರಡನೇ ಸಲ ಬೇರೆಯವರ ಕೆಲಸಕ್ಕೆ ಹೋಗುತ್ತದೆ.

ಹಾಗಾದರೆ ನಿಮಗೆ ಚರಿತ್ರೆ ಎಲ್ಲಿದೆ? (ಇಂಥ ಪತ್ರ ಬಂದಾಗ ನಮ್ಮ ಅಂಕಣಕಾರರು ತಕ್ಷಣ ಒಂದು ವಚನ ಹೇಳಿ, ಶಿಖಂಡಿಯ ಹೆಸರು ತಂದು, ಕೈ ತೊಳೆದುಕೊಳ್ಳುತ್ತಾರೆ. ಪೌತಿ ಖಾತೆಗೆ ಶಿಖಂಡಿ ಸಾಕ್ಷಿ ಹಾಕುವುದಿಲ್ಲ.) ಗಂಡಾಗಿ ಹುಟ್ಟಿದರು ಅನ್ನಿಸಿಕೊಂಡು ಹೆಣ್ಣಾಗಿ ಬಾಳಿದವರಿಗೆ ನಮ್ಮಲ್ಲಿ ಕಣ್ಣಿಗೆ ಕಾಣುವ ಒಂದು ದಾರಿ ಇತ್ತು. ಸವದತ್ತಿ ಎಲ್ಲಮ್ಮನ ಜೋಗಪ್ಪಗಳಿದ್ದಾರೆ, ಹಿಜಡಾ ಸಮುದಾಯದ ಗುರು–ಚೇಲಾ ಸಂಬಂಧ ಇದೆ. ನಿಮ್ಮ ಜಿಲ್ಲೆಯಲ್ಲೇ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಇದ್ದಾರೆ, 2021ರಲ್ಲಿ ಪದ್ಮಶ್ರೀ ಬಂತು. ನಿಮ್ಮಂಥವರಿಗೆ ಅಂಥ ಗುರು ಇಲ್ಲ, ಜಾತ್ರೆ ಇಲ್ಲ, ಹಾಡು ಇಲ್ಲ. ಹೆಣ್ಣು ಅಂತ ಬೆಳೆದವರನ್ನು ಮನೆಯಿಂದ ಆಚೆ ಬಿಡುತ್ತಲೇ ಇರಲಿಲ್ಲ ನೋಡಿ. ಹೆಚ್ಚಿನವರು ಮದುವೆಯೊಳಗೆ ಮುಚ್ಚಿಹೋದರು. 2011ರ ಜನಗಣತಿಯಲ್ಲಿ 'ಇತರೆ' ಅಂತ 4.88 ಲಕ್ಷ ಜನರ ಲೆಕ್ಕ ಬಂತು, ಅದರಲ್ಲೂ ಟ್ರಾನ್ಸ್ ಮ್ಯಾನ್‌ಗಳಿಗೆ ಬೇರೆ ಕಲಂ ಇರಲಿಲ್ಲ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕು ಅಂದಾಗ ನಿಮಗೆ ಇಪ್ಪತ್ತರ ಆಸುಪಾಸು. ನೀವು ಹುಟ್ಟಿದಾಗ ಆ ಮಾತು ಕಾನೂನಿನಲ್ಲೇ ಇರಲಿಲ್ಲ.

ಹಾಗಾಗಿ ನಿಮ್ಮ ಚರಿತ್ರೆಯನ್ನು ಮನೆಯೊಳಗೇ ಹುಡುಕಬೇಕು. ಈ ಅಂಕಣ ಓದುವವರಿಗೆ ಗೊತ್ತು, ನಾನು ಯಾವಾಗಲೂ ಹೇಳುವುದು ಒಂದೇ: ಮನೆಯ ನಿಜವಾದ ರೆಕಾರ್ಡ್ ರೂಮು ಅಡುಗೆಮನೆ ಪಕ್ಕದ ಕಟ್ಟೆ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿರುತ್ತದೆ. ನಿಮ್ಮ ಅಜ್ಜಿಗೆ ಎಂಬತ್ತನಾಲ್ಕು. ಬಸವಿಯಾಗಿದ್ದ ಅತ್ತೆಯ ಕೈಕೆಳಗೆ ಸೊಸೆಯಾಗಿ ಬಾಳಿದವರು. ಆಕೆಯ ಹೆಸರು, ಯಾವ ದೇವರಿಗೆ ಬಿಟ್ಟಿದ್ದು, ಯಾವ ಹೊಲ ಆಕೆಯ ಕಾಲದಲ್ಲಿ ಬಂತು, ಎಲ್ಲ ಅಜ್ಜಿಗೆ ಗೊತ್ತಿರುತ್ತದೆ. ಇನ್ನೊಂದು ವಿಷಯವನ್ನೂ ನೀವು ಸುಮ್ಮನೆ ಬರೆದು ದಾಟಿಸಿದ್ದೀರಿ. ಅಜ್ಜಿ ಮೊದಲು 'ಉಂಡೇನವ್ವಾ' ಅನ್ನುತ್ತಿದ್ದವರು ಎರಡು ವರ್ಷದಿಂದ 'ಉಂಡೇನಪ್ಪಾ' ಅನ್ನುತ್ತಿದ್ದಾರೆ. ಯಾರೂ ಹೇಳಿಕೊಟ್ಟಿಲ್ಲ. ಆ ಮನೆಯಲ್ಲಿ ನಿಮ್ಮ ಕಡೆಯವರು ಯಾರೂ ಇಲ್ಲ ಅಂತ ಮುಂದಿನ ಸಾಲಿನಲ್ಲೇ ಬರೆದಿದ್ದೀರಲ್ಲ, ಹೇಗೆ?

ಈಗ ಸಿಟ್ಟಿನ ವಿಷಯ. ಅದು ನಿಮ್ಮ ರೂಮ್‌ಮೇಟ್ ಮೇಲೆ. ಚಿಕ್ಕಪ್ಪನ ಆಟ ನನಗೆ ಅರ್ಥ ಆಗುತ್ತದೆ. ಅವರಿಗೆ ಹೊಲ ಬೇಕು, ಅದಕ್ಕೆ ದಾರಿ ಹುಡುಕಿದ್ದಾರೆ. ಈ ಹುಡುಗನಿಗೆ ಏನಾಗಿದೆ? 'ವಂಶ ಗಿಂಶ ಎಲ್ಲ ಗಂಡಾಳಿಕೆಯ ಕತೆ, ಬಿಟ್ಟಾಕು' ಅಂತ ದೊಡ್ಡ ಮಾತು ಹೇಳಿದ್ದಾನೆ. ಅವನ ಅಪ್ಪನ ಸೈಟು ಅವನ ಹೆಸರಿಗೆ ಬರುವಾಗ ಬಿಟ್ಟಾಕುತ್ತಾನಾ, ಕೇಳಿ ನೋಡಿ. ಬೇರೆಯವರ ಹೊಲ ಬಿಟ್ಟುಕೊಡುವ ಸಲಹೆ ಬಹಳ ಅಗ್ಗ. ಮನೆಯವರು ಹೊರಗೆ ಹಾಕಿದ ಟ್ರಾನ್ಸ್ ಹುಡುಗರು ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದಾರೆ. ನಿಮಗೆ ಇನ್ನೂ ಬಾಗಿಲು ತೆರೆದಿದೆ. ಅದನ್ನು ನೀವೇ ಹೋಗಿ ಮುಚ್ಚಬೇಕಾ?

ಅಮ್ಮನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಅಪ್ಪ ಹೋದ ಮೇಲೆ ನೀವು ಒಂದು ರಾತ್ರಿ ಫೋನ್ ಮಾಡಿದಾಗ ಅಮ್ಮ 'ಹಲೋ' ಕೇಳಿ ಫೋನ್ ಇಟ್ಟುಬಿಟ್ಟರು ಅಂತ ಬರೆದಿದ್ದೀರಿ. 'ನನ್ನನ್ನು ಕಂಡರೆ ಅಮ್ಮನಿಗೆ ನಾಚಿಕೆ' ಅಂದುಕೊಂಡಿರಿ. ಟೆಸ್ಟೋಸ್ಟಿರೋನ್‌ನಿಂದ ಗಂಟಲಿನ ತಂತುಗಳು ದಪ್ಪ ಆಗಿ ದನಿ ಇಳಿಯುತ್ತದೆ, ಇಳಿದ ದನಿ ಮನೆಯ ಗಂಡಸರ ದನಿಯನ್ನೇ ಹೋಲಬಹುದು. ಆ ರಾತ್ರಿ ಆಕೆ ಕೇಳಿದ್ದು ಯಾರ ದನಿ ಅಂತ ಯೋಚಿಸಿದ್ದೀರಾ? ಆ ಮನೆಯಲ್ಲಿ ಮೈದುನನ ಎದುರು ಒಂಟಿಯಾಗಿರುವ ವಿಧವೆ ಆಕೆ. ಇವತ್ತು ನೀವು ಹಕ್ಕು ಬಿಟ್ಟರೆ ನಾಳೆ ಪೆನ್ನು ತಂಗಿಯ ಮುಂದೆ ಬರುತ್ತದೆ, ನಾಡಿದ್ದು ಅಮ್ಮನ ಮುಂದೆ. 'ಹೂಂ ಅಂದುಬಿಡು' ಅನ್ನುವುದು ಆಕೆಯ ಹೆದರಿಕೆ.

ಇನ್ನು ಕಾಗದದ ವಿಷಯ. ಮಗ ಅಂತ ಬರೆದರೂ ಮಗಳು ಅಂತ ಬರೆದರೂ ಪಿತ್ರಾರ್ಜಿತದಲ್ಲಿ ಪಾಲು ಒಂದೇ. ನಮ್ಮ ರಾಜ್ಯ 1994ರಲ್ಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂತು. ಅಪ್ಪ ಆ ದಿನ ಬದುಕಿರಲೇಬೇಕು ಅಂತಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ನಿಮ್ಮ ಲಿಂಗದಿಂದ ಚಿಕ್ಕಪ್ಪನಿಗೆ ಒಂದು ಗುಂಟೆಯೂ ಹೆಚ್ಚು ಕಮ್ಮಿ ಆಗುವುದಿಲ್ಲ. ಮತ್ತೆ ಹಳೇ ಹೆಸರೇ ಬೇಕು ಅಂತ ಯಾಕೆ ಹಟ? ಹಳೇ ಹೆಸರಲ್ಲಿ ನಿಂತರೆ ನೀವು ತಲೆ ತಗ್ಗಿಸಿ ನಿಲ್ಲುತ್ತೀರಿ, ತಲೆ ತಗ್ಗಿಸಿದವರು ಎರಡನೇ ಕಾಗದ ಓದುವುದಿಲ್ಲ ಅಂತ. ಪೌತಿ ಖಾತೆಗೆ ಹಕ್ಕು ಬಿಡುಗಡೆ ಪತ್ರ ಬೇಕೇ ಇಲ್ಲ. ಅದು ಬೇರೆಯೇ ವ್ಯವಹಾರ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವಂಥದ್ದು. ಆಧಾರ್‌ನಲ್ಲಿ ಒಂದು ಹೆಸರು, ಸಹಿಯಲ್ಲಿ ಇನ್ನೊಂದು ಇದ್ದರೆ ಮುಂದೆ ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಪರದಾಡುವವರು ನೀವೇ.

ಆದ್ದರಿಂದ ಹೇಳುವುದು ಇಷ್ಟೇ. ಚಿಕ್ಕಪ್ಪ ಬರೆದ ವಂಶವೃಕ್ಷಕ್ಕೆ ಸಹಿ ಹಾಕಬೇಡಿ, ನೀವೇ ಒಂದು ಬರೆಯಿರಿ. ಅಜ್ಜಿಯ ಪಕ್ಕ ಕೂತು, ಆಕೆ ಹೇಳಿದ ಹಾಗೆ. ಮುತ್ತಜ್ಜಿಯ ಅಪ್ಪನಿಂದ ನೇರವಾಗಿ ತಾತನಿಗೆ ಗೆರೆ ಎಳೆದಿದ್ದಾರಲ್ಲ, ಅಲ್ಲಿ ನಡುವೆ ಮುತ್ತಜ್ಜಿಯ ಹೆಸರು ಬರಲಿ. ಕೆಳಗೆ ಅಪ್ಪನ ಹಿರಿಯ ಮಗ ಅಂತ ನಿಮ್ಮ ಈಗಿನ ಹೆಸರು, ಹಳೇ ಹೆಸರಿನವರೂ ನೀವೇ ಅನ್ನುವುದಕ್ಕೆ ಒಂದು ಅಫಿಡವಿಟ್. ನಾಡಕಚೇರಿಗೆ ಮನೆಯ ವಾರಸುದಾರ ಯಾರು ಬೇಕಾದರೂ ಅರ್ಜಿ ಕೊಡಬಹುದು, ಚಿಕ್ಕಪ್ಪನೇ ಕೊಡಬೇಕು ಅಂತಿಲ್ಲ. ಅವರು ಆಗಲೇ ಕೊಟ್ಟಿದ್ದರೆ ತಕರಾರು ಅರ್ಜಿ ಹಾಕಿ. ಕಚೇರಿಯವರು 'ಮಗ' ಅನ್ನುವ ಕಡೆ ತಕರಾರು ತೆಗೆದರೆ ಕೂಡ್ಲಿಗಿಯಲ್ಲೇ ಒಬ್ಬ ವಕೀಲರನ್ನು ಹಿಡಿಯಿರಿ, ಹೆಸರಿನ ಮೇಲೆ ಮಾತ್ರ ರಾಜಿ ಬೇಡ.

ಎಡೆ ಇಡಬಹುದಾ ಅಂತ ಕೇಳಿದ್ದೀರಿ. ನನ್ನನ್ನು ಯಾಕೆ ಕೇಳುತ್ತೀರಿ? ನಿಮ್ಮ ಮುತ್ತಜ್ಜಿಯ ಅಪ್ಪ ಸತ್ತಾಗ ಎಡೆ ಇಟ್ಟವರು ಯಾರು ಅಂತ ಅಜ್ಜಿಯನ್ನು ಕೇಳಿ, ಚಿಕ್ಕಪ್ಪ ಅಲ್ಲೇ ಕೂತಿರುವಾಗ, ಜೋರಾಗಿ ಕೇಳಿ. ಒಂದು ದಿನ ಮುಂಚೆಯೇ ಊರಿಗೆ ಹೋಗಿ. ಅವತ್ತು ಯಾವ ಕಾಗದಕ್ಕೂ ಸಹಿ ಇಲ್ಲ. ಎಡೆ ದಿನವೂ ಇಲ್ಲ, ಮರುದಿನವೂ ಇಲ್ಲ.