ಕಾರಿನ ಬಣ್ಣದ ಗೀರು ನೋಡಲು ಎಷ್ಟು ಲ್ಯೂಮೆನ್‌ನ ಕೈದೀಪ ಬೇಕು?

ಬೀದರಿನಲ್ಲಿ ಕಾರ್ ಪಾಲಿಶ್ ಅಂಗಡಿ ತೆರೆದಿದ್ದೀರಿ. ಗೀರು ನೋಡುವುದಕ್ಕೆ ಎಂಟು ಸಾವಿರ ರೂಪಾಯಿಯ ಕೈದೀಪ ಕೊಳ್ಳಬೇಕೇ, ಮೂರು ಸಾವಿರದ್ದು ಸಾಲುತ್ತದೆಯೇ, ಬೆಳಕಿನ ಪ್ರಮಾಣ ಎಷ್ಟು ಲ್ಯೂಮೆನ್ ಇರಬೇಕು ಎಂದು ಕೇಳಿದ್ದೀರಿ. ಎರಡನ್ನೂ ಈಗ ಕೊಳ್ಳಬೇಡಿ. ಏಳೂವರೆ ಸಾವಿರದ ದೀಪ ಕೈಯಲ್ಲಿದ್ದೂ ಒಂದು ಮದುವೆಯ ದಿನ ಮಾನ ಕಳೆದುಕೊಂಡವನು ನಾನು. ಅದನ್ನು ಮೊದಲು ಕೇಳಿ.

ನಾನಿರುವುದು ಕಲಬುರಗಿಯಲ್ಲಿ. ಡೆಂಟಿಂಗ್-ಪೇಂಟಿಂಗ್ ಶೆಡ್ಡೊಂದರಲ್ಲಿ ಆರು ವರ್ಷ ರಬ್ಬಿಂಗ್ ಮಾಡಿ, ಕೈ ಪಳಗಿದ ಮೇಲೆ ರಿಂಗ್ ರಸ್ತೆಯ ಪಕ್ಕ ಸ್ವಂತ ಅಂಗಡಿ ಹಾಕಿದೆ. ಹಳೆಯ ಶೆಡ್ಡಿನಲ್ಲಿ ಬೆಳಕೆಂದರೆ ತಗಡಿಗೆ ತೂಗುಹಾಕಿದ ಎರಡು ಟ್ಯೂಬ್‌ಲೈಟ್. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಾರುಗಳೂ ಹೊಸವೇ. ಆ ಉದ್ದನೆಯ ಬೆಳಕು ತಗ್ಗು ದಿಬ್ಬಗಳನ್ನು ತೋರಿಸುತ್ತದೆ, ಪೇಂಟಿನ ಕಿತ್ತಳೆ ಸಿಪ್ಪೆಯಂಥ ಒರಟನ್ನು ತೋರಿಸುತ್ತದೆ; ಕೂದಲೆಳೆಯ ಗೀರುಗಳನ್ನು ಮಾತ್ರ ಮುಚ್ಚಿಹಾಕುತ್ತದೆ. ಹಾಗಾಗಿ ಸ್ವಂತ ಅಂಗಡಿಗೆ ನಾನು ತರಿಸಿದ ಮೊದಲ ದುಬಾರಿ ವಸ್ತು ಆ ಕೈದೀಪ. ಬಂದ ರಾತ್ರಿಯೇ ಅದನ್ನು ಹಿಡಿದು ಓಣಿಯಲ್ಲಿ ನಿಂತಿದ್ದ ಎಲ್ಲರ ಕಾರುಗಳನ್ನೂ ನೋಡುತ್ತಾ ಹೋದೆ. ಎಲ್ಲದರ ಮೇಲೂ ಜೇಡರ ಬಲೆಯಂಥ ಗೀರುಗಳು. ಎದುರುಮನೆಯ ಕಾಕಾ ನನ್ನನ್ನು ಕಳ್ಳನೆಂದು ತಿಳಿದು ಬಾಗಿಲು ತೆರೆದು ಬೈದರು.

ಮೂರನೆಯ ತಿಂಗಳಿಗೆ ಒಬ್ಬ ಸಾಹುಕಾರರ ಕಪ್ಪು ಸೆಡಾನ್ ಬಂತು. ತೊಗರಿ ದಾಲ್‌ಮಿಲ್ಲಿನವರು. ಕಾರು ವಾರಕ್ಕೆ ಮೂರು ಸಲ ವಾಡಿ ಕಡೆಗೆ ಹೋಗಿಬರುತ್ತಿತ್ತು. ಸಿಮೆಂಟಿನ ಧೂಳು ಕೂತ ಬಾನೆಟ್ಟನ್ನು ಡ್ರೈವರ್ ದಿನವೂ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸುತ್ತಿದ್ದ. ಎಮರಿ ಕಾಗದ ಹಿಡಿದು ಉಜ್ಜಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಮರುದಿನ ಸಾಹುಕಾರರ ಮಗಳ ಮದುವೆ, ವರನನ್ನು ಕರೆತರಲು ಇದೇ ಕಾರು. “ಕನ್ನಡಿ ಆಗಬೇಕು ನೋಡು” ಎಂದರು. “ಕನ್ನಡಿಯೇ ಆಗುತ್ತದೆ ಸಾಹುಕಾರರೇ” ಎಂದೆ.

ರೋಟರಿ ಮಷಿನ್, ಉಣ್ಣೆಯ ಪ್ಯಾಡ್, ಗೀರು ಸವೆಸುವ ಕಂಪೌಂಡ್ ಎಂಬ ಪೇಸ್ಟ್. ಆಮೇಲೆ ಫೋಮ್ ಪ್ಯಾಡಿನಲ್ಲಿ ಪಾಲಿಶ್. ಬೆಳಿಗ್ಗೆ ಎಂಟಕ್ಕೆ ಹಿಡಿದ ಕೆಲಸ ಸಂಜೆ ಏಳಕ್ಕೆ ಮುಗಿಯಿತು. ಬಟ್ಟೆಯಲ್ಲಿ ಒರೆಸಿ ದೀಪ ಹಚ್ಚಿದೆ. ಒಂದು ಗೆರೆಯೂ ಇಲ್ಲ. ದೀಪದ ಬಿಂಬ ಬಾವಿಯೊಳಗಿನ ಚಂದ್ರನ ಹಾಗೆ ಬಾನೆಟ್ಟಿನಲ್ಲಿ ಒಂದೇ ಒಂದು ಚುಕ್ಕೆಯಾಗಿ ನಿಂತಿತ್ತು. ಸಾಹುಕಾರರು ಬಂದಾಗ ಅವರ ಕೈಗೇ ದೀಪ ಕೊಟ್ಟೆ, ನೀವೇ ನೋಡಿ ಎಂದೆ. ಮಾತಾಡಿದ್ದಕ್ಕಿಂತ ಐನೂರು ಹೆಚ್ಚು ಕೊಟ್ಟು ಹೋದರು.

ಬೆಳಿಗ್ಗೆ ಹೂವು ಕಟ್ಟುವ ಮೊದಲು ಡ್ರೈವರ್ ಕಾರನ್ನು ಬಟ್ಟೆ ಒಗೆಯುವ ಪುಡಿ ಹಾಕಿ ತೊಳೆದ. ಹನ್ನೊಂದು ಗಂಟೆಗೆ, ಮೇ ತಿಂಗಳ ಬಿಸಿಲಿನಲ್ಲಿ, ಕಾರು ಕಲ್ಯಾಣ ಮಂಟಪದ ಮುಂದೆ ನಿಂತಿತು. ಬಾನೆಟ್ಟಿನ ತುಂಬ ಮಷಿನ್ ಓಡಿದ ದಾರಿ ಪಟ್ಟೆ ಪಟ್ಟೆಯಾಗಿ ಎದ್ದಿತ್ತು. ನೋಡುವವರು ಆಚೆ ಈಚೆ ಸರಿದರೆ ಪಟ್ಟೆಗಳೂ ಸರಿಯುತ್ತವೆ. ನಮ್ಮ ಕಸುಬಿನಲ್ಲಿ ಇದಕ್ಕೆ ಹೊಲೊಗ್ರಾಂ ಎನ್ನುತ್ತಾರೆ. ಬೀಗರ ಕಡೆಯ ಹಿರಿಯರೊಬ್ಬರು “ಸೆಗಣಿಯಲ್ಲಿ ಅಂಗಳ ಸಾರಿಸಿದ ಹಾಗಿದೆಯಲ್ಲ” ಎಂದರಂತೆ. ಇಷ್ಟು ಸರಿಯಾದ ಹೋಲಿಕೆಯನ್ನು ಈ ಕಸುಬಿನವರೂ ಕೊಟ್ಟಿಲ್ಲ.

ನಾಲ್ಕು ದಿನ ಬಿಟ್ಟು ಸಾಹುಕಾರರು ಬಂದರು. ಅಂಗಡಿಯ ಒಳಗೆ ಕಾರು ತರಲಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ಹಾರ್ನ್ ಹೊಡೆದರು. “ಹೊರಗೆ ಬಾ. ದೀಪ ಒಳಗೇ ಇರಲಿ” ಎಂದರು.

ಈಗ ತಪ್ಪು ಎಲ್ಲಾಯಿತು ಎಂದು ಹೇಳುತ್ತೇನೆ. ಇದರ ಬಗ್ಗೆ ನಾನು ಬೇಕಾದ್ದಕ್ಕಿಂತ ಹೆಚ್ಚು ಯೋಚಿಸಿದ್ದೇನೆ. ಉಣ್ಣೆಯ ಪ್ಯಾಡಿನಿಂದ ಹೊಲೊಗ್ರಾಂ ಬರುವುದು ತಪ್ಪಲ್ಲ, ಅದು ಬಂದೇ ಬರುತ್ತದೆ, ಮುಂದಿನ ಹಂತದಲ್ಲಿ ತೆಗೆಯಬೇಕು. ತೆಗೆದಿದ್ದೇನೆಯೇ ಇಲ್ಲವೇ ಎಂದು ನೋಡುವಲ್ಲಿ ನಾನು ಎಡವಿದೆ. ಕಂಪೌಂಡಿನಲ್ಲೂ ಪಾಲಿಶಿನಲ್ಲೂ ಎಣ್ಣೆ ಇರುತ್ತದೆ, ಪ್ಯಾಡ್ ಜಾರಲಿ ಎಂದು. ಆ ಎಣ್ಣೆ ಗೀರಿನೊಳಗೆ ಇಳಿದು ಮಟ್ಟವಾಗಿ ಕೂರುತ್ತದೆ. ಮೇಲ್ಮೈ ನುಣುಪಾಗಿಬಿಡುವುದರಿಂದ, ದೀಪ ಹಿಡಿದರೆ ಬೆಳಕು ಕೆಳಗಿರುವ ಗೀರಿನ ಅಂಚಿನಲ್ಲಿ ಚದುರುವುದಿಲ್ಲ, ಗೀರು ಕಣ್ಣಿಗೆ ಬೀಳುವುದಿಲ್ಲ. ಒಣ ಬಟ್ಟೆಯಿಂದ ಒರೆಸಿದರೆ ಎಣ್ಣೆ ಹೋಗುವುದಿಲ್ಲ, ಹರಡುತ್ತದೆ. ಅದರಲ್ಲೂ ಅಂದು ನಾನು ಒರೆಸಿದ ಮೈಕ್ರೋಫೈಬರ್ ಬಟ್ಟೆ ಬೆಳಿಗ್ಗೆಯಿಂದ ಅದೇ ಪಾಲಿಶನ್ನು ಕುಡಿದು ಕೂತಿತ್ತು. ಸಾಲದೆಂಬಂತೆ, ಹೊಳಪಿಗೆಂದು ಮೇಲೊಂದು ಕೈ ಸ್ಪ್ರೇ ವ್ಯಾಕ್ಸ್ ಹೊಡೆದು ಆಮೇಲೆ ಎರಡನೆಯ ಸಲ ದೀಪ ಹಿಡಿದಿದ್ದೆ. ಏಳೂವರೆ ಸಾವಿರದ ದೀಪದಲ್ಲಿ ನಾನು ಎರಡು ಸಲ ನೋಡಿದ್ದು ಎಣ್ಣೆಯನ್ನು. ಬಣ್ಣವನ್ನು ಒಮ್ಮೆಯೂ ನೋಡಿರಲಿಲ್ಲ.

ಈ ಎಣ್ಣೆಯನ್ನು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲಿನ ಬಾಟಲಿ ಮಾಡದಲ್ಲೇ ಇತ್ತು, ಮುಚ್ಚಳದ ಸೀಲ್ ಸಹ ಒಡೆದಿರಲಿಲ್ಲ. ಸೆರಾಮಿಕ್ ಕೋಟಿಂಗ್ ಮಾಡುವವರಿಗೆ ಮಾತ್ರ ಬೇಕಾಗುವ ವಸ್ತು ಎಂದುಕೊಂಡಿದ್ದೆ. ಬಾನೆಟ್ಟನ್ನು ಅದರಲ್ಲಿ ಒರೆಸಲು ಐದು ನಿಮಿಷ ಸಾಕಿತ್ತು. ಡ್ರೈವರನನ್ನು ಬೈದುಕೊಂಡು ಎಷ್ಟೋ ದಿನ ತಿರುಗಿದೆ. ನಿಜ ಹೇಳಬೇಕೆಂದರೆ, ನಾನು ಮಾಡಬೇಕಿದ್ದ ಕೆಲಸವನ್ನೇ ಅವನು ಸೋಪಿನ ಪುಡಿಯಲ್ಲಿ ಮಾಡಿದ, ಬೀಗರು ಬರುವ ಹೊತ್ತಿಗೆ ಸರಿಯಾಗಿ. ಎರಡು ದಿನ ಪುಕ್ಕಟೆ ಕೂತು, ತಿರುಗುತ್ತಲೇ ಅಲುಗುವ ಡ್ಯುಯಲ್ ಆಕ್ಷನ್ ಮಷಿನ್ ಎರವಲು ತಂದು ಇಡೀ ಕಾರನ್ನು ಮತ್ತೆ ಮಾಡಿದೆ. ದುಡ್ಡು ಹೋದದ್ದು ದೊಡ್ಡದಲ್ಲ. ಬಣ್ಣದ ಮೇಲಿನ ಲ್ಯಾಕರ್, ಅಂದರೆ ಪಾರದರ್ಶಕ ಪದರ, ಇರುವುದೇ ಸುಮಾರು 40–50 ಮೈಕ್ರಾನ್; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪ್ರತಿ ಪಾಲಿಶೂ ಅದರಲ್ಲಿ ಒಂದಿಷ್ಟನ್ನು ಸವೆಸುತ್ತದೆ. ನನ್ನ ಸೋಮಾರಿತನಕ್ಕೆ ಆ ಬಾನೆಟ್ ಎರಡು ಸಲ ಸವೆಯಿತು.

ನೀವು ಬೀದರಿನವರು. ಇದನ್ನು ನಿಮ್ಮೂರಿನ ಬಿದ್ರಿ ಕೆಲಸಗಾರರು ನನಗಿಂತ ಚೆನ್ನಾಗಿ ಬಲ್ಲರು. ಸತು ತಾಮ್ರದ ಪಾತ್ರೆಯ ಮೇಲೆ ಚಿತ್ರ ಕೊರೆಯುವ ಮೊದಲು ಮೈಲುತುತ್ತದ ನೀರು ಬಳಿದು ಅದರ ಮೈಯನ್ನು ಕಪ್ಪಾಗಿಸುತ್ತಾರೆ, ಉಳಿಯ ಗೆರೆ ಕಣ್ಣಿಗೆ ಬೀಳಲಿ ಎಂದು. ಎಣ್ಣೆ ಸವರುವುದು ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿ, ಎಲ್ಲ ಮುಗಿದ ಮೇಲೆ. ನಾನು ಎಣ್ಣೆ ಸವರಿ ಗೆರೆ ಹುಡುಕಿದೆ. ಬಿಡುವಾದಾಗ ಒಮ್ಮೆ ಅವರ ಅಂಗಡಿಯಲ್ಲಿ ಕೂತು ನೋಡಿ; ವಿಡಿಯೋ ನೋಡುವುದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಹಾಗಾಗಿ ಎಂಟು ಸಾವಿರದಲ್ಲಿ ಮೊದಲು ಆಲ್ಕೋಹಾಲ್ ಮತ್ತು ಒಂದು ಡಜನ್ ಒಳ್ಳೆಯ ಬಟ್ಟೆ ತನ್ನಿ. ಒಂದು ಪಾಲು ಆಲ್ಕೋಹಾಲಿಗೆ ನಾಲ್ಕು ಪಾಲು ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್, ಬೆರೆಸಿ; ಬ್ಯಾಟರಿ ಆಸಿಡ್ ಅಲ್ಲ. ಬೋರ್‌ವೆಲ್ ನೀರು ಬೇಡ, ನಮ್ಮ ಕಡೆಯ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಆಮೇಲೆ ಅದನ್ನು ತೆಗೆಯಲು ಇನ್ನೊಂದು ಪಾಲಿಶ್. ಆರಿದ ಬಾನೆಟ್ಟಿನ ಮೇಲೆ ಹೊಸ ಬಟ್ಟೆಯಿಂದ ಒರೆಸಿ, ಆಮೇಲೆ ಬೆಳಕು ಹಿಡಿಯಿರಿ.

ಬೆಳಕಿಗೆ ಸದ್ಯ ನಿಮ್ಮ ಮೊಬೈಲಿನ ಟಾರ್ಚ್ ಸಾಕು. ಗೀರು ಕಾಣಿಸುವುದು ಬೆಳಕಿನ ಜೋರಿನಿಂದಲ್ಲ, ಅದು ಒಂದು ಸಣ್ಣ ಬಿಂದುವಿನಿಂದ ಹೊರಡುವುದರಿಂದ. ಲ್ಯೂಮೆನ್ ಹೆಚ್ಚಿದಷ್ಟೂ ಬಿಳಿ ಕಾರಿನ ಮೇಲೆ ಕಣ್ಣು ಕೋರೈಸುತ್ತದೆಯೇ ಹೊರತು ಗೆರೆ ಕಾಣುವುದಿಲ್ಲ. ನನ್ನ ದೀಪವನ್ನು ನಾನು ಹೆಚ್ಚಾಗಿ ಅರ್ಧಕ್ಕೆ ಇಳಿಸಿಯೇ ಹಿಡಿಯುತ್ತೇನೆ. ಡಬ್ಬಿಯ ಮೇಲೆ ಸಿ.ಆರ್.ಐ. 95 ಎಂದು ದೊಡ್ಡದಾಗಿ ಬರೆದಿರುತ್ತಾರೆ; ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ ಅದು. ಅದು ಬಣ್ಣ ಹೊಂದಿಸುವ ಪೇಂಟರನಿಗೆ ಬೇಕು, ಗೀರು ಹುಡುಕುವವನಿಗೆ ಅದಕ್ಕಾಗಿ ದುಡ್ಡು ಸುರಿಯುವ ಅಗತ್ಯವಿಲ್ಲ ಎಂಬುದು ನನ್ನ ಹಟ. ಅಂಗಡಿಗಾರರು ಒಪ್ಪುವುದಿಲ್ಲ.

ಇನ್ನೊಂದು ಮಾತು. ದೀಪ ಹಿಡಿದಾಗ ಅದರ ಸುತ್ತ ಗೀರುಗಳು ಚಕ್ರದಂತೆ ಕಾಣುತ್ತವಲ್ಲ, ಅವು ಚಕ್ರವಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುತ್ತವೆ, ಉಳಿದವು ಅಡಗಿಕೊಳ್ಳುತ್ತವೆ. ದೀಪ ಸರಿಸಿ ನೋಡಿ, ಚಕ್ರವೂ ಜೊತೆಗೇ ಸರಿಯುತ್ತದೆ. ಆದ್ದರಿಂದ ದೀಪವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದೇ ಕಡೆಯಿಂದ ನೋಡುವುದು ವ್ಯರ್ಥ. ಮಷಿನ್ ಓಡಿದ ದಿಕ್ಕಿಗೆ ಅಡ್ಡವಾಗಿ ಒಮ್ಮೆ, ಉದ್ದಕ್ಕೆ ಒಮ್ಮೆ ಹಿಡಿದು, ತಲೆಯನ್ನೂ ಆಡಿಸುತ್ತಾ ನೋಡಿ. ಉಗುರು ಸಿಕ್ಕಿಕೊಳ್ಳುವ ಗೀರು ಕಂಡರೆ ಅದನ್ನು ಪಾಲಿಶಿನಲ್ಲಿ ತೆಗೆಯುವ ಆಸೆ ಬಿಡಿ. ಗಿರಾಕಿಗೆ ಮೊದಲೇ ತೋರಿಸಿ ಹೇಳಿಬಿಡಿ. ದೀಪ ಗೀರು ಎಲ್ಲಿದೆ ಎಂದು ಹೇಳುತ್ತದೆ, ಕೆಳಗೆ ಲ್ಯಾಕರ್ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ.

ಕೊನೆಯ ಪರೀಕ್ಷೆಗೆ ಸೂರ್ಯನೇ ಬೇಕು. ಅವನೂ ಆಕಾಶದಲ್ಲೊಂದು ಬಿಂದು, ಕರೆಂಟು ಹೋದರೂ ಉರಿಯುತ್ತಾನೆ. ಬಿಸಿಲಿನಲ್ಲಿ ಕೆಲಸ ಮಾತ್ರ ಮಾಡಬೇಡಿ. 42 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪಾಲಿಶ್ ಹಚ್ಚುವಷ್ಟರಲ್ಲೇ ಒಣಗಿ ಹಿಟ್ಟಾಗುತ್ತದೆ. ನಾನು ಸಂಜೆ ಯಾರಿಗೂ ಕಾರು ಒಪ್ಪಿಸುವುದಿಲ್ಲ. ಬೆಳಿಗ್ಗೆ ಏಳಕ್ಕೆ ಕಾರು ಹೊರಗೆ ತಂದು, ಇಳಿ ಬಿಸಿಲಿನಂಥ ಆ ಓರೆ ಬೆಳಕಿನಲ್ಲಿ ಒಂದು ಸುತ್ತು ಹಾಕುತ್ತೇನೆ, ಆಮೇಲೆ ಫೋನ್. ಅರ್ಜೆಂಟಾದರೆ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತೇನೆ. ಮದುವೆಯ ಕಾರಾದರಂತೂ ಎರಡು ದಿನ ಮೊದಲೇ ತರಬೇಕು.

ನಿಮ್ಮ ಅಂಗಡಿಯ ಶಟರ್ ಯಾವ ದಿಕ್ಕಿಗಿದೆ ಎಂದು ಬರೆಯಿರಿ. ಪೂರ್ವಕ್ಕಿದ್ದರೆ ಕಾರನ್ನು ಹೊರಗೆ ತಳ್ಳುವ ಕೆಲಸವೂ ಇಲ್ಲ, ಶಟರ್ ಎತ್ತಿದರೆ ಸಾಕು. ಪಶ್ಚಿಮಕ್ಕಿದ್ದರೆ ದೀಪದ ಮಾತನ್ನು ಇನ್ನೊಮ್ಮೆ ಆಡೋಣ.