ಬಸುರಿಗೆ ಜ್ವರ: ಮಗುವಿನ ಮೆದುಳಿಗೆ ತೊಂದರೆಯೇ?

ಪ್ರಶ್ನೆ: ನನಗೀಗ ಐದನೇ ತಿಂಗಳು. ಹೋದ ವಾರ ಮಳೆ ಜೋರಾದಾಗ ಎರಡು ದಿನ 101 ಡಿಗ್ರಿ ಜ್ವರವಿತ್ತು, ಈಗಿಲ್ಲ. ಜ್ವರದಲ್ಲಿ ಏರುವ ಸೈಟೊಕೈನ್ ಎಂಬ ಪ್ರೋಟೀನ್‌ಗಳಿಂದ ಮಗುವಿಗೆ ಆಟಿಸಂ ಬರುತ್ತದೆಂದು ಮೊಬೈಲಿನಲ್ಲಿ ಓದಿದೆ. ನಿಜವೇ?
– ಓದುಗರು, ಸೋಮವಾರಪೇಟೆ

ಉತ್ತರ: ಗಾಬರಿ ಬೇಡ. ಬಸುರಿನಲ್ಲಿ ಜ್ವರ ಬಂದ ಬಹುಪಾಲು ತಾಯಂದಿರ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ನೀವು ಓದಿದ್ದು ಹೆಚ್ಚಾಗಿ ಇಲಿಗಳ ಪ್ರಯೋಗದಿಂದ ಬಂದ ಮಾತು. ವೈರಸ್ ಸೋಂಕನ್ನು ಅನುಕರಿಸುವ ಕೃತಕ ಆರ್‌ಎನ್‌ಎಯನ್ನು ಬಸುರಿ ಇಲಿಗೆ ಚುಚ್ಚಿದರೆ ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ಏರುತ್ತದೆ, ಹುಟ್ಟುವ ಮರಿಗಳ ನಡವಳಿಕೆ ಬದಲಾಗುತ್ತದೆ. ಆ ಪ್ರೋಟೀನನ್ನು ಪ್ರತಿಕಾಯದಿಂದ ತಡೆದಾಗ ಮರಿಗಳಲ್ಲಿ ಬದಲಾವಣೆ ಬಹುಮಟ್ಟಿಗೆ ಕಾಣಲಿಲ್ಲ ಎಂದು 2007ರಲ್ಲಿ ತೋರಿಸಿದರು. 2016ರಲ್ಲಿ ಇಂಟರ್‌ಲ್ಯೂಕಿನ್-17ಎ ಎಂಬ ಇನ್ನೊಂದು ಸೈಟೊಕೈನಿನ ಹೆಸರೂ ಸೇರಿತು. ಆದರೆ ಇಲಿಯ ಬಸುರು ಮೂರೇ ವಾರದ್ದು. ಚುಚ್ಚುವುದು ಕೆಲವೇ ದಿನ ತಡವಾದರೆ ಪರಿಣಾಮವೇ ಕಾಣದ ಪ್ರಯೋಗಗಳಿವೆ.

ಇಷ್ಟಕ್ಕೂ ರೋಗನಿರೋಧಕ ಪ್ರೋಟೀನ್‌ಗಳು ಮೆದುಳಿನ ಶತ್ರುಗಳಲ್ಲ. ಬೆಳೆಯುವ ಮೆದುಳು ಬೇಕಾದ್ದಕ್ಕಿಂತ ಹೆಚ್ಚು ನರಸಂಧಿಗಳನ್ನು (ನರಕೋಶಗಳು ಒಂದಕ್ಕೊಂದು ಸಂದೇಶ ಕೊಡುವ ಕೂಡುತಾಣಗಳನ್ನು) ಕಟ್ಟುತ್ತದೆ. ಬೇಡದವಕ್ಕೆ ಸಿ1ಕ್ಯೂ, ಸಿ3 ಎಂಬ ಪ್ರೋಟೀನ್‌ಗಳು ಗುರುತು ಹಾಕುತ್ತವೆ, ಮೈಕ್ರೋಗ್ಲಿಯಾ ಎಂಬ ಮೆದುಳಿನದೇ ರೋಗನಿರೋಧಕ ಕೋಶಗಳು ಬಂದು ನುಂಗುತ್ತವೆ. ಕಾಫಿ ಗಿಡದಲ್ಲಿ ಬೇಡದ ಕಂಬಚಿಗುರು ತೆಗೆದ ಹಾಗೆ. ಸಿ1ಕ್ಯೂ ಇಲ್ಲದ ಇಲಿಗಳಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ಹೆಚ್ಚುವರಿ ಸಂಧಿಗಳು ಹಾಗೇ ಉಳಿಯುತ್ತವೆ. ಎಷ್ಟು ಪ್ರಮಾಣ, ಯಾವ ಹೊತ್ತು ಎಂಬುದೇ ಮುಖ್ಯ.

ನೀವು ಮಾಡಬೇಕಾದ್ದು 18–20ನೇ ವಾರದ ಸ್ಕ್ಯಾನ್. ಅದರಲ್ಲಿ ಮೆದುಳಿನ ರಚನೆ ಕಾಣುತ್ತದೆ, ನರಸಂಧಿ ಕಾಣುವುದಿಲ್ಲ. ಸೈಟೊಕೈನ್ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ. ಆ ಅಂಕಿ ನೋಡಿ ಮಗುವಿನ ಬಗ್ಗೆ ಏನೂ ಹೇಳಲಾಗದು.

ಮತ್ತೆ ಜ್ವರ ಬಂದು 100.4 ದಾಟಿದರೆ ತಡೆದುಕೊಂಡು ಕೂರಬೇಡಿ. ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ತೆಗೆದುಕೊಳ್ಳಿ, ಆರು ಗಂಟೆ ಅಂತರವಿರಲಿ. ಐಬುಪ್ರೊಫೆನ್ ಬೇಡವೇ ಬೇಡ: 20 ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಲ್ಲದು, ಡೆಂಗಿ ಇದ್ದರೆ ರಕ್ತಸ್ರಾವವನ್ನೂ ಹೆಚ್ಚಿಸಬಲ್ಲದು. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಮಾಡಿಸಿದರೇ ಉಪಯೋಗ. ನಾಟಿ ಗದ್ದೆಗೆ ಇಳಿದಿದ್ದರೆ ವೈದ್ಯರಿಗೆ ಹೇಳಿ, ಇಲಿ ಜ್ವರವನ್ನೂ ನೋಡುತ್ತಾರೆ. ಡೆಂಗಿಯಾದರೆ ಜ್ವರ ಇಳಿದ ಮೇಲಿನ ಎರಡು ದಿನವೇ ಹೆಚ್ಚು ಅಪಾಯ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.