ಒಬ್ಬರಿಗೆ ಎಷ್ಟು ಗಾಡಿ?

ಹಾಸನದ ಓದುಗರೊಬ್ಬರ ಪತ್ರ: "ದಿನಾ ಆಫೀಸಿಗೆ ಸ್ಪ್ಲೆಂಡರ್‌ನಲ್ಲಿ ಹೋಗುತ್ತೇನೆ. ಬಿಸಿಲೆ ಘಾಟಿ, ಮೂಡಿಗೆರೆ ಕಡೆ ಸುತ್ತಲು ರಾಯಲ್ ಎನ್‌ಫೀಲ್ಡ್‌ನ ದೊಡ್ಡ ಬೈಕ್ ಹಿಮಾಲಯನ್ 450 ತಗೊಳ್ಳುವ ಆಸೆ. ಅಪ್ಪನ ಹಳೇ ಯೆಜ್ಡಿ ಬೈಕ್ ಬೇರೆ ಕೊಟ್ಟಿಗೆಯಲ್ಲಿದೆ. 'ಓಡಿಸೋರು ಒಬ್ಬರು, ಗಾಡಿ ಮೂರಾ?' ಅಂತ ಮನೆಯವರು ಕೇಳುತ್ತಾರೆ. ಸ್ಪ್ಲೆಂಡರ್ ಮಾರಿ ಎಲ್ಲಕ್ಕೂ ಒಂದೇ ಗಾಡಿ ಇಟ್ಟುಕೊಳ್ಳಲೇ?"

ಸ್ಪ್ಲೆಂಡರ್ ಮಾರಬೇಡಿ. ಅದರ ತೂಕ 112 ಕೆಜಿ, ಹಿಮಾಲಯನ್‌ದು 196. ಸಂತೆ ಬೀದಿಯಲ್ಲಿ ಎರಡು ಸ್ಕೂಟರ್ ಮಧ್ಯೆ ತೂರಿಸಿ ನಿಲ್ಲಿಸುವಾಗ ಈ 84 ಕೆಜಿ ಏನೆಂದು ಸೊಂಟಕ್ಕೆ ಗೊತ್ತಾಗುತ್ತದೆ. ಹಾಲು ತರಲು ಒಂದು ಕಿಲೋಮೀಟರ್ ಹೋಗಿ ಬರುವುದು ದೊಡ್ಡ ಎಂಜಿನ್‌ಗೂ ಒಳ್ಳೆಯದಲ್ಲ. ಅದು ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಹಾಗೇ ಬಿಸಿಲೆಯ ಕಿತ್ತುಹೋದ ರಸ್ತೆಯಲ್ಲಿ ಹಿಮಾಲಯನ್‌ನ 21 ಇಂಚಿನ ಮುಂದಿನ ಚಕ್ರ ಗುಂಡಿ ದಾಟುವಷ್ಟು ಸಲೀಸಾಗಿ ಸ್ಪ್ಲೆಂಡರ್ ದಾಟುವುದಿಲ್ಲ. ಎರಡರ ಕೆಲಸವೇ ಬೇರೆ.

ಖರ್ಚಿನ ಲೆಕ್ಕವನ್ನೂ ಮನೆಯವರ ಮುಂದೆ ಇಡಿ. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ ಸ್ಪ್ಲೆಂಡರ್‌ಗೆ 714 ರೂಪಾಯಿ, ಹಿಮಾಲಯನ್‌ನಂಥ 350 ಸಿಸಿ ಮೀರಿದ ಗಾಡಿಗೆ 2,804. ಜಿಎಸ್‌ಟಿ ಬೇರೆ. ಮಾಲೀಕರ 15 ಲಕ್ಷದ ಅಪಘಾತ ವಿಮೆ ಮಾತ್ರ ಗಾಡಿಗೊಂದರಂತೆ ಬೇಡ, ನಿಮ್ಮ ಹೆಸರಲ್ಲಿ ಒಂದಿದ್ದರೆ ಸಾಕು. ಸುಮ್ನೆ ಎರಡು ಸಲ ದುಡ್ಡು ಕಟ್ಟಬೇಡಿ.

ನನಗೆ ಚಿಂತೆ ಇರುವುದು ನಿಂತ ಗಾಡಿಯ ಬಗ್ಗೆ. ಒಂದು ಮಳೆಗಾಲ ಪೂರ್ತಿ ನನ್ನ ದೊಡ್ಡ ಗಾಡಿಗೆ ಕವರ್ ಹೊದಿಸಿ ಬಿಟ್ಟಿದ್ದೆ. ದಸರಾಕ್ಕೆ ಹೊರಡೋಣ ಅಂತ ತೆಗೆದರೆ ಬ್ಯಾಟರಿ ಸತ್ತಿತ್ತು, ಚೈನ್ ತುಕ್ಕು ಹಿಡಿದಿತ್ತು, ಸೀಟಿನ ಕೆಳಗೆ ಇಲಿ ಸಂಸಾರ ಹೂಡಿತ್ತು. ಹಿಮಾಲಯನ್‌ಗೆ ಕಿಕ್ಕರ್ ಇಲ್ಲ. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪ್‌ಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಹೋದರೆ ತಳ್ಳಿದರೂ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿಡುತ್ತೇನೆ ಅನ್ನುವವರಿದ್ದಾರೆ. ಅದರಿಂದ ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರ್‌ನಲ್ಲಿ ನೀರು ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸಿ. ಒಂದು ಸೋಮವಾರ ಆಫೀಸಿಗೇ ಅದರಲ್ಲಿ ಹೋಗಿ, ಸುತ್ತು ದಾರಿ ಹಿಡಿದು. ಅಷ್ಟೂ ಬಿಡುವು ಸಿಗುವುದಿಲ್ಲ ಎಂದಾದರೆ ಹಿಮಾಲಯನ್ ಆಸೆ ಸದ್ಯ ಬಿಡಿ. ವರ್ಷಕ್ಕೆ ಎರಡು ಸಲ ಘಾಟಿಗೆ ಹೋಗಲು ಬಾಡಿಗೆ ಗಾಡಿ ಸಾಕು, ಅಲ್ವಾ?

ಇನ್ನು ಯೆಜ್ಡಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಅದಕ್ಕೆ ಹೊಸ ಗಾಡಿಯ ಲೆಕ್ಕ ಹಾಕಬೇಡಿ. ಗೇರ್ ಲಿವರನ್ನೇ ಮೇಲೆತ್ತಿ ಕಿಕ್ ಹೊಡೆಯುವ ಗಾಡಿ ಅದು. ಪೆಟ್ರೋಲ್‌ಗೆ ಆಯಿಲ್ ಬೆರೆಸಿಯೇ ಹಾಕಬೇಕು, ಮರೆತರೆ ಪಿಸ್ಟನ್ ಜಾಮ್. ಆದರೂ ಮಾರಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಅಪ್ಪನ ಗಾಡಿ. ಮೊದಲು ಆರ್‌ಸಿ ಹುಡುಕಿ. 15 ವರ್ಷ ದಾಟಿದ ಗಾಡಿಗೆ ಪ್ರತಿ ಐದು ವರ್ಷಕ್ಕೆ ನೋಂದಣಿ ನವೀಕರಣ ಬೇಕು. ಆಮೇಲೆ ಟ್ಯಾಂಕ್ ತೊಳೆಸಿ, ಕಾರ್ಬೊರೇಟರ್ ಬಿಚ್ಚಿಸಿ. ಬಣ್ಣ, ಕ್ರೋಮ್ ಕೊನೆಗಿರಲಿ. ಸ್ಟಾರ್ಟ್ ಆದ ದಿನ ಮೊದಲ ಸುತ್ತಿಗೆ ಮನೆಯವರನ್ನೇ ಹಿಂದೆ ಕೂರಿಸಿಕೊಳ್ಳಿ.